ಡ್ರೋನ್ ಒಂದೇ ದಿನದಲ್ಲಿ ಲಕ್ಷ ಮರ ನೆಡುತ್ತದೆಯೇ? ನಿಜ ಎಷ್ಟು, ಉತ್ಪ್ರೇಕ್ಷೆ ಎಷ್ಟು?

ಮಳೆಗಾಲ ಹತ್ತಿರ ಬಂದರೆ ಸಾಕು, ಒಂದು ವಿಡಿಯೋ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡತೊಡಗುತ್ತದೆ. ಬೋಳುಗುಡ್ಡದ ಮೇಲೆ ಡ್ರೋನ್ ಹಾರುತ್ತದೆ, ಬೀಜದುಂಡೆಗಳು ಉದುರುತ್ತವೆ. ಕೆಳಗೊಂದು ಸಾಲು: "ಒಂದೇ ದಿನದಲ್ಲಿ ಲಕ್ಷ ಮರ! ಎಲ್ಲರಿಗೂ ಕಳಿಸಿ." ಇದು ನಿಜವೇ?

ಅರ್ಧ ನಿಜ. ಡ್ರೋನ್ ಬೀಜ ಎರಚಬಲ್ಲದು. 2017ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಗೌರಿಬಿದನೂರು ಭಾಗದಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕಿದ್ದರು. ಆದರೆ ಮೇಲಿಂದ ಬೀಳುವುದು ಬೀಜ, ಮರವಲ್ಲ. ಒಂದಷ್ಟು ಬೀಜ ಇಲಿ, ಇರುವೆಗಳ ಪಾಲಾಗುತ್ತದೆ. ಬಂಡೆಯ ಮೇಲೆ ಬಿದ್ದದ್ದು ಒಣಗುತ್ತದೆ. ಮೊಳೆತ ಸಸಿಯೂ ಬೇಸಿಗೆ, ಮೇಯುವ ದನಕರು, ಬೆಂಕಿ ಎಲ್ಲವನ್ನೂ ದಾಟಬೇಕು. ರಾಗಿ ಬಿತ್ತುವಾಗಲೇ ನಾವು ಹದ ನೋಡುತ್ತೇವೆ. ಕಾಡಿಗೆ ಅದು ಬೇಡವೇ?

ಎಲ್ಲಿ ಬಿತ್ತುತ್ತೇವೆ ಎಂಬುದೂ ಮುಖ್ಯ. ಪಶ್ಚಿಮಘಟ್ಟದ ಶೋಲಾ ಹುಲ್ಲುಗಾವಲು 'ಖಾಲಿ ಜಾಗ' ಅಲ್ಲ, ಮಳೆನೀರು ಹಿಡಿದಿಟ್ಟು ಹಳ್ಳಗಳಿಗೆ ಬಿಡುವ ನೆಲ. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೂ ಬೇಕಿರುವುದು ಹುಲ್ಲುಬಯಲೇ. ಅಲ್ಲೆಲ್ಲ ಸಿಕ್ಕ ಬೀಜ ಎರಚಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಹಾಗಾದರೆ ಡ್ರೋನ್ ದಂಡವೇ? ಖಂಡಿತ ಅಲ್ಲ. ಅದರ ನಿಜವಾದ ಶಕ್ತಿ ಇರುವುದು ನೋಡುವುದರಲ್ಲಿ. ಒಂದರ ಮೇಲೊಂದು ಹೊಂದುವಂತೆ ತೆಗೆದ ನೂರಾರು ಫೋಟೋಗಳನ್ನು ಕಂಪ್ಯೂಟರ್ ಜೋಡಿಸಿದರೆ ನೆಲದ ಏರಿಳಿತ, ಮರಗಳ ಎತ್ತರ, ನೀರು ಹರಿಯುವ ದಾರಿ ಎಲ್ಲವೂ ನಕ್ಷೆಯಲ್ಲಿ ಸಿಗುತ್ತವೆ. ಆರೋಗ್ಯವಾಗಿರುವ ಎಲೆ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹೆಚ್ಚು ಪ್ರತಿಫಲಿಸುತ್ತದೆ, ಸೊರಗಿದ ಎಲೆ ಕಡಿಮೆ. ವಿಶೇಷ ಕ್ಯಾಮೆರಾ ಈ ವ್ಯತ್ಯಾಸವನ್ನು ಹಿಡಿಯುವುದರಿಂದ, ಗಿಡ ಎಲ್ಲಿ ಸೊರಗುತ್ತಿದೆ ಎಂಬುದು ಬೇಗ ತಿಳಿಯುತ್ತದೆ.

ಹವಾಯಿಯ ಕವಾಯಿ ದ್ವೀಪದಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ದಾಸವಾಳದ ಸಂಬಂಧಿ ಗಿಡವೊಂದು ನಶಿಸಿಹೋಗಿದೆ ಎಂದು 2016ರಲ್ಲಿ ಘೋಷಿಸಲಾಗಿತ್ತು. 2019ರಲ್ಲಿ, ಮನುಷ್ಯರು ಹತ್ತಲಾಗದ ಕಡಿದಾದ ಬಂಡೆಯಲ್ಲಿ ಅದು ಬದುಕಿರುವುದನ್ನು ಡ್ರೋನ್ ತೋರಿಸಿತು.

ಇನ್ನೊಂದು ಮಾತು: ನಮ್ಮ ದೇಶದಲ್ಲಿ 2021ರ ಡ್ರೋನ್ ನಿಯಮಗಳಿವೆ. ಅರಣ್ಯದ ಮೇಲೆ ಮನಬಂದಂತೆ ಹಾರಿಸುವಂತಿಲ್ಲ.

ಮುಂದಿನ ಸಲ ಆ ವಿಡಿಯೋ ಬಂದಾಗ ಕಳಿಸಿದವರನ್ನು ಮೂರು ಪ್ರಶ್ನೆ ಕೇಳೋಣ: ಯಾವ ಜಾತಿಯ ಬೀಜ? ಅಲ್ಲಿ ಮೊದಲು ಏನಿತ್ತು? ಮೂರು ವರ್ಷದ ನಂತರ ಎಷ್ಟು ಗಿಡ ಉಳಿದವು? ಉತ್ತರವಿಲ್ಲದೆ ನಾವು ಫಾರ್ವರ್ಡ್ ಮಾಡಿದರೆ, 'ಕಾಡು ಕಡಿದರೇನು, ಡ್ರೋನ್ ಇದೆಯಲ್ಲ' ಎಂಬ ಸುಳ್ಳು ಸಮಾಧಾನವನ್ನೇ ಹಂಚಿದಂತೆ. ಇರುವ ಮರ ಉಳಿಸುವ ಕೆಲಸ ಯಾವ ಡ್ರೋನಿಗೂ ಬಿಟ್ಟದ್ದಲ್ಲ, ಅದು ನಮ್ಮದೇ.