ಕಾರಿಗೆ ಎಷ್ಟು ನಕ್ಷತ್ರ?

ಗುಳೇದಗುಡ್ಡದ ಖಣ ಕೊಳ್ಳುವವರು ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾರೆ, ತಿರುವಿ ಅಂಚು ನೋಡುತ್ತಾರೆ, ನೂಲನ್ನು ಬೆರಳಲ್ಲಿ ಉಜ್ಜುತ್ತಾರೆ. ಅದೇ ಮಂದಿ ಕಾರು ಕೊಳ್ಳಲು ಹೋದಾಗ ಕೇಳುವುದು ಬಹುಪಾಲು ಒಂದೇ ಪ್ರಶ್ನೆ: ‘ಲೀಟರಿಗೆ ಎಷ್ಟು ಕೊಡತೈತಿ?’ ಹೆಚ್ಚೆಂದರೆ ಬಾನೆಟ್ಟಿಗೆ ಗುದ್ದಿ ತಗಡು ಗಟ್ಟಿಯೋ ತೆಳುವೋ ಎಂದು ನೋಡುವುದುಂಟು. ಆ ಗುದ್ದಿನಿಂದ ತಿಳಿಯುವುದು ಏನೂ ಇಲ್ಲ. ಕಾರಿನ ಮೂತಿ ಇರುವುದೇ ಡಿಕ್ಕಿಯಲ್ಲಿ ನುಜ್ಜುಗುಜ್ಜಾಗಲು. ಮಡಚಿಕೊಳ್ಳುತ್ತ ಹೊಡೆತವನ್ನು ಅದು ನುಂಗಬೇಕು. ಗಟ್ಟಿಯಾಗಿ ಉಳಿಯಬೇಕಾದ್ದು ಜನ ಕೂರುವ ಗೂಡು.

ಇದನ್ನು ಅಳೆದು ಹೇಳುವ ಭಾರತದ್ದೇ ವ್ಯವಸ್ಥೆ ‘ಭಾರತ್ ಎನ್‌ಕ್ಯಾಪ್’ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಜೇನುಗೂಡಿನಂತಹ ಅಲ್ಯುಮಿನಿಯಂ ತಡೆಗೆ ಗುದ್ದಿಸುತ್ತಾರೆ. ಮೂತಿಯ ಶೇ 40 ಭಾಗ ಮಾತ್ರ ತಾಗುತ್ತದೆ. ಎದುರು ಬಂದ ವಾಹನವನ್ನು ತಪ್ಪಿಸಲು ಹೋಗಿ ಓರೆಯಾಗಿ ಗುದ್ದುವ ಅಪಘಾತದ ಅನುಕರಣೆಯಿದು. 64 ಕಡಿಮೆಯೆನಿಸಬಹುದು. ಆದರೆ ಸುಮಾರು 16 ಮೀಟರ್, ಅಂದರೆ ಐದು ಮಹಡಿಯ ಎತ್ತರದಿಂದ ಬಿದ್ದವನು ನೆಲ ಮುಟ್ಟುವ ವೇಗವದು. ಪಕ್ಕದಿಂದ 50 ಕಿ.ಮೀ. ವೇಗದ ಹೊಡೆತ ಬೇರೆ. ಒಳಗೆ ಕೂರಿಸಿದ ಗೊಂಬೆಗಳ ತಲೆ, ಕತ್ತು, ಎದೆ, ತೊಡೆಗೆ ಬಿದ್ದ ಪೆಟ್ಟನ್ನು ಯಂತ್ರಗಳು ದಾಖಲಿಸುತ್ತವೆ. ವಯಸ್ಕರ ಸುರಕ್ಷತೆಗೆ 32 ಅಂಕ, ಮಕ್ಕಳದಕ್ಕೆ 49. ಐದು ನಕ್ಷತ್ರಕ್ಕೆ ಕನಿಷ್ಠ 27 ಮತ್ತು 41 ಬೇಕು.

ಇದಕ್ಕೆ ಮೊದಲು 2014ರಲ್ಲಿ ಬ್ರಿಟನ್ನಿನ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಕಾರುಗಳನ್ನು ಗುದ್ದಿಸಿ ನೋಡಿತ್ತು. ವಯಸ್ಕರ ಸುರಕ್ಷತೆಯಲ್ಲಿ ಐದಕ್ಕೂ ಸೊನ್ನೆ. ಅದೇ ಪೋಲೊಗೆ ಎರಡು ಏರ್‌ಬ್ಯಾಗ್ ಇದ್ದಾಗ ಸಿಕ್ಕಿದ್ದು ನಾಲ್ಕು ನಕ್ಷತ್ರ! ನಕ್ಷತ್ರ ಕಾರಿನ ಹೆಸರಿಗಲ್ಲ, ಪರೀಕ್ಷೆಗೊಳಗಾದ ಮಾದರಿಗೆ, ಆ ವರ್ಷದ ತಯಾರಿಕೆಗೆ. 2018ರ ಆಗಸ್ಟ್‌ನಲ್ಲಿ ನಾಲ್ಕು ನಕ್ಷತ್ರ ಪಡೆದ ಟಾಟಾ ನೆಕ್ಸಾನ್, ಸುಧಾರಣೆಯ ಬಳಿಕ ಡಿಸೆಂಬರ್‌ನಲ್ಲಿ ಐದು ಪಡೆಯಿತು.

ಗೊಂಬೆಗಳೆಲ್ಲ ಸೀಟ್ ಬೆಲ್ಟ್ ಹಾಕಿಕೊಂಡಿರುತ್ತವೆ ಎಂಬುದನ್ನು ಜಾಹೀರಾತುಗಳು ಒತ್ತಿ ಹೇಳುವುದಿಲ್ಲ. ಒಂದೂವರೆ ಮತ್ತು ಮೂರು ವರ್ಷದ ಮಕ್ಕಳ ಗೊಂಬೆಗಳು ಹಿಂದೆ, ಮಕ್ಕಳ ಸೀಟಿನಲ್ಲಿ ಕೂತಿರುತ್ತವೆ. ಬನಶಂಕರಿ ಜಾತ್ರೆಗೆ ಹೊರಟ ಏಳು ಸೀಟಿನ ಕಾರಿನಲ್ಲಿ ಹತ್ತು ಮಂದಿ, ಕೂಸು ಮುಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ. ಅಂಥ ಕಾರಿಗೆ ಯಾರೂ ನಕ್ಷತ್ರ ಕೊಟ್ಟಿಲ್ಲ. ಏರ್‌ಬ್ಯಾಗ್ ಸಿಡಿದು ಬಿಚ್ಚಿಕೊಳ್ಳುವ ರಭಸವೇ ಆ ಕೂಸಿಗೆ ಅಪಾಯ.

ತೂಕದ ಮಾತೂ ಇದೆ. ಈ ಎದುರು ಡಿಕ್ಕಿ ಹೆಚ್ಚುಕಡಿಮೆ ತನ್ನಷ್ಟೇ ತೂಕದ ಇನ್ನೊಂದು ಕಾರಿಗೆ ಗುದ್ದಿದಂತೆ. ಆದ್ದರಿಂದ ಐದು ನಕ್ಷತ್ರದ ಸಣ್ಣ ಕಾರನ್ನು ಐದರದೇ ದೊಡ್ಡ ಕಾರಿನ ಪಕ್ಕ ಇಡಲಾಗದು. ಸಮ ತೂಕದವುಗಳನ್ನಷ್ಟೇ ಹೋಲಿಸಬೇಕು. ಇನ್ನು ಲಾರಿಯ ಮುಂದೆ ಎರಡೂ ಒಂದೇ. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿ ಉರುಳಿಬಿದ್ದದ್ದು ಸುರಕ್ಷತೆಗೆ ಹೆಸರಾದ ವೋಲ್ವೊ ಕಾರಿನ ಮೇಲೆ. ಒಂದೇ ಕುಟುಂಬದ ಆರು ಮಂದಿ ತೀರಿಕೊಂಡರು. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದೆ ರಸ್ತೆಯಲ್ಲಿ ನಿಂತ ಟ್ರ್ಯಾಕ್ಟರ್ ಟ್ರೇಲರಿನ ಪರೀಕ್ಷೆಯೂ ಯಾವ ಪ್ರಯೋಗಾಲಯದಲ್ಲಿ ಇಲ್ಲ.

ಈ ಪರೀಕ್ಷೆ ಕಡ್ಡಾಯವಲ್ಲ, ಆದ್ದರಿಂದ ನಕ್ಷತ್ರವಿಲ್ಲದ ಕಾರೆಲ್ಲ ಕೆಟ್ಟದ್ದೆಂದಲ್ಲ, ಗೊತ್ತಿಲ್ಲದ್ದು, ಅಷ್ಟೆ. ಹಳೆಯ ಕಾರು ಕೊಳ್ಳುವವರು ತಯಾರಾದ ವರ್ಷ ನೋಡುವುದು ಒಳ್ಳೆಯದು. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ. ಪಕ್ಕದವನದು ಎಲ್ಲ ಕಾರುಗಳಿಗೂ ಬಂದದ್ದು 2021ರ ಕೊನೆಗೆ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಮತ್ತೆ ಬಳಕೆಗೆ ಬಾರದು. ಕೀಲಿ ತಿರುವಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಕ್ಷಣದಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತುವುದೇ ಇಲ್ಲವಾದರೆ ದೀಪವನ್ನೇ ಯಾರೋ ಕಿತ್ತಿರಬಹುದು.