ಮಲೆನಾಡಿನ ಮಕ್ಕಳು ಮತ್ತು ವಿಧಾನಸೌಧದ ದರ್ಶನ

ಸಕಲೇಶಪುರ, ಆಲೂರು ಸೀಮೆಯ ಮಕ್ಕಳು ರಾಜ್ಯಾಡಳಿತವನ್ನು ಅರಿಯಲೆಂದು ಬೆಂಗಳೂರಿಗೆ ಪ್ರವಾಸ ಹೊರಟರೆ ವಿಧಾನಸೌಧದ ಮುಂದೆ ನಿಲ್ಲದೆ ಹಿಂತಿರುಗುವುದು ಅಪರೂಪ. ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ಕಂಬಗಳನ್ನು ಎಣಿಸುತ್ತಾರೆ; ಅಷ್ಟರಲ್ಲಿ ಬಸ್ಸಿಗೆ ಕರೆ ಬರುತ್ತದೆ. ಸೌಧವನ್ನು ಕಂಡದ್ದಾಯಿತು, ಸರ್ಕಾರವನ್ನು ಕಂಡದ್ದಾಯಿತೇ ಎಂಬುದು ವಿಚಾರಾರ್ಹ.

1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರಿಂದ ಶಂಕುಸ್ಥಾಪನೆಗೊಂಡ ಈ ಕಟ್ಟಡವು ಕೆಂಗಲ್ ಹನುಮಂತಯ್ಯನವರ ಸಂಕಲ್ಪದಿಂದ ಭವ್ಯರೂಪವನ್ನು ತಳೆದು 1956ರಲ್ಲಿ ಪೂರ್ಣಗೊಂಡಿತು. ಆದರೆ ಜನರ ಅಹವಾಲನ್ನು ಸಭೆಯಲ್ಲಿ ಅರಿಕೆ ಮಾಡುವ ಪರಿಪಾಠ ಅದಕ್ಕಿಂತ ಹಳೆಯದು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕೂಡಿತು. ಶಾಸನ ಮಾಡುವ ಅಧಿಕಾರ ಅದಕ್ಕಿರಲಿಲ್ಲ, ಕೇಳುವ ಅವಕಾಶವಿತ್ತು. ಅಂದು ಸಕಲೇಶಪುರದ ಸೀಮೆಗೆ ಮಂಜರಾಬಾದ್ ತಾಲ್ಲೂಕೆಂದು ಹೆಸರು.

ಕೇಳುವ ಈ ಕ್ರಮವನ್ನು ಮಕ್ಕಳಿಗೆ ತಿಳಿಸಬೇಕಾದರೆ ಪ್ರವಾಸವು ಊರಿನಿಂದಲೇ ಆರಂಭವಾಗಬೇಕು. ಆನೆಯ ಉಪಟಳವನ್ನೇ ತೆಗೆದುಕೊಳ್ಳಬಹುದು. ಗದ್ದೆ ತುಳಿತಕ್ಕೊಳಗಾದ ರೈತ ಪರಿಹಾರಕ್ಕಾಗಿ ಅರಣ್ಯ ಇಲಾಖೆಯ ವಲಯ ಕಚೇರಿಗೆ ಅರ್ಜಿ ಸಲ್ಲಿಸುತ್ತಾನೆ. ಪರಿಹಾರದ ದರ ನಿಗದಿಯಾಗುವುದು ಆ ಕಚೇರಿಯಲ್ಲಲ್ಲ, ರಾಜ್ಯ ಸರ್ಕಾರದ ಆದೇಶದಿಂದ. ದರ ಸಾಲದೆಂದರೆ ಆಲೂರನ್ನೂ ಒಳಗೊಂಡ ಸಕಲೇಶಪುರ ಕ್ಷೇತ್ರದ ಶಾಸಕರು ಸದನದಲ್ಲಿ ಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಸದನದಲ್ಲಿಯೇ ಮೌಖಿಕವಾಗಿ ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು; ಚುಕ್ಕೆ ರಹಿತವಾದರೆ ಲಿಖಿತ ಉತ್ತರವಷ್ಟೆ. 224 ಸದಸ್ಯರ ಸಭೆಯಲ್ಲಿ ತಮ್ಮ ಊರಿನ ಗದ್ದೆಯ ಮಾತು ಹೀಗೆ ಏಳಬಹುದೆಂದು ತಿಳಿದ ಬಾಲಕನಿಗೆ ಪ್ರೇಕ್ಷಕರ ಗ್ಯಾಲರಿಯಲ್ಲಿ ಮೌನವಾಗಿ ಕೂರುವುದು ಶಿಕ್ಷೆಯೆನಿಸದು. ಅಧಿವೇಶನವಿಲ್ಲದ ದಿನ ಕರೆದೊಯ್ದರೆ ಕಾಣುವುದು ಬರಿಯ ಕುರ್ಚಿಗಳನ್ನು. ದಿನಾಂಕವನ್ನು ಮೊದಲೇ ವಿಚಾರಿಸುವುದು ಲೇಸು.

ಆದರೆ ಆನೆಯನ್ನು ಹಿಡಿದು ಸಾಗಿಸುವ ಮಾತು ಬೇರೆ. ಅದು ಸಂಸತ್ತು ರಚಿಸಿದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಒಳಪಟ್ಟಿದೆ. ಅರಣ್ಯ ಹಾಗೂ ವನ್ಯಪ್ರಾಣಿಗಳ ರಕ್ಷಣೆ ಎಂಬ ವಿಷಯಗಳು 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ರಾಜ್ಯಪಟ್ಟಿಯನ್ನು ಬಿಟ್ಟು ಸಮವರ್ತಿ ಪಟ್ಟಿಗೆ ಸೇರಿದವು. ಶಿಕ್ಷಣವೂ ಅದೇ ತಿದ್ದುಪಡಿಯಿಂದ ಅದೇ ಪಟ್ಟಿಗೆ ಹೋಯಿತೆಂಬುದನ್ನು ಅಧ್ಯಾಪಕ ವೃಂದ ಮರೆಯಲಾಗದು. ಇನ್ನು ಕಾಫಿ! ವಿಧಾನಸೌಧದ ಮುಂದಿನ ಅಂಬೇಡ್ಕರ್ ವೀಧಿಯಲ್ಲಿಯೇ ಕಾಫಿ ಮಂಡಳಿಯ ಕಚೇರಿಯಿದೆ. ಅದು ಕೇಂದ್ರ ಸರ್ಕಾರದ ಸಂಸ್ಥೆ. ಬೆಳೆದ ಕಾಫಿಯನ್ನು ಮಂಡಳಿಗೇ ಒಪ್ಪಿಸಬೇಕೆಂಬ ಕಡ್ಡಾಯ 1990ರ ದಶಕದಲ್ಲಿ ಕೊನೆಗೊಂಡಿತೆಂಬುದನ್ನು ತೋಟದ ಮನೆಯ ಹಿರಿಯರು ಬಲ್ಲರು. ಎದುರಿಗೆ ಕೆಂಪು ಬಣ್ಣದ ಅಠಾರಾ ಕಚೇರಿಯಲ್ಲಿ ಉಚ್ಚ ನ್ಯಾಯಾಲಯ. ಒಂದೇ ಬೀದಿಯಲ್ಲಿ ನಿಂತು, ಯಾವ ಅಹವಾಲು ಯಾವ ಬಾಗಿಲಿಗೆ ಎಂದು ಬೆರಳಿಟ್ಟು ತೋರಿಸಬಹುದಾದ ಇಂತಹ ಸ್ಥಳ ಅಪೂರ್ವವೇ ಸರಿ.

ವಿಧಾನ ಪರಿಷತ್ತನ್ನು ವಿವರಿಸಲು ಉಪಾಧ್ಯಾಯರು ದೂರ ಹೋಗಬೇಕಿಲ್ಲ. ಅದರ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಹಾಸನ ಜಿಲ್ಲೆ ದಕ್ಷಿಣ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಪ್ರೌಢಶಾಲೆಯ ಗುರುಗಳು ತಾವು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆದು ಮತ ನೀಡಿದ ಬಗೆಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ಸಾಕು.

ಪ್ರವಾಸದ ವೆಚ್ಚವನ್ನು ಭರಿಸುವ ದಾನಿಗಳು ಸಾಮಾನ್ಯವಾಗಿ ಬಸ್ಸು, ಊಟಗಳನ್ನು ವಿಚಾರಿಸುತ್ತಾರೆ. ಹೊರಡುವ ಮುನ್ನ ಮಕ್ಕಳು ಯಾವ ಪ್ರಶ್ನೆ ಬರೆದುಕೊಂಡಿದ್ದಾರೆಂದೂ ವಿಚಾರಿಸಬಹುದು. ಉತ್ತರ ದೊರೆಯದೆ ಹಿಂತಿರುಗಿದ ಪ್ರಶ್ನೆಗೆ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆ ಇದ್ದೇ ಇದೆ. ಅಲ್ಲಿ ಶಾಲೆಯ ಮಕ್ಕಳ ಜೊತೆಗೆ, ಮನೆಯಲ್ಲಿಯೇ ಓದುತ್ತಿರುವ ಊರಿನ ಮಗುವೂ ಎದ್ದು ನಿಂತು ಕೇಳಬಹುದು.