ಅಸಿಟೈಲ್ ಕ್ಲೋರೈಡ್: ಒಂದು ಆದೇಶದ ವಿಚಾರ

ವ್ಯಾಕರಣವನ್ನು ಓದಿದವರಿಗೆ ಆದೇಶಸಂಧಿಯು ಪರಿಚಿತವಾದುದೇ. ‘ಮಳೆ’ ಮತ್ತು ‘ಕಾಲ’ ಎಂಬ ಪದಗಳು ಕೂಡುವಾಗ ಕಕಾರದ ಸ್ಥಾನಕ್ಕೆ ಗಕಾರವು ಬಂದು ‘ಮಳೆಗಾಲ’ ಎಂದಾಗುತ್ತದೆ. ರಸಾಯನಶಾಸ್ತ್ರದಲ್ಲಿಯೂ ಇಂತಹ ಆದೇಶಗಳುಂಟು. ಅದಕ್ಕೆ ಸರಳ ನಿದರ್ಶನ ಅಸಿಟೈಲ್ ಕ್ಲೋರೈಡ್.

ವಿನೆಗರಿಗೆ ಹುಳಿಯನ್ನೀಯುವ ಅಸಿಟಿಕ್ ಆಮ್ಲದ ಅಣುವಿನಲ್ಲಿ ಆಮ್ಲಜನಕ ಮತ್ತು ಜಲಜನಕಗಳು ಕೂಡಿದ ಹೈಡ್ರಾಕ್ಸಿಲ್ ಎಂಬ ಜೋಡಿಯೊಂದಿದೆ. ಅದರ ಸ್ಥಾನದಲ್ಲಿ ಕ್ಲೋರಿನ್ ಪರಮಾಣು ಬಂದು ನಿಂತರೆ ಅದೇ ಅಸಿಟೈಲ್ ಕ್ಲೋರೈಡ್. ಪ್ರಯೋಗಶಾಲೆಯಲ್ಲಿ ಆಮ್ಲದೊಡನೆ ರಂಜಕದ ಟ್ರೈಕ್ಲೋರೈಡನ್ನಾಗಲಿ ಥಯೋನಿಲ್ ಕ್ಲೋರೈಡನ್ನಾಗಲಿ ಬೆರೆಸಿ, ಬಟ್ಟಿಯಿಳಿಸಿ ಇದನ್ನು ಪಡೆಯುತ್ತಾರೆ. ಥಯೋನಿಲ್ ಕ್ಲೋರೈಡನ್ನು ಬಳಸಿದಾಗ ಉಪೋತ್ಪನ್ನಗಳೆರಡೂ ಅನಿಲಗಳಾಗಿ ಹೊರಹೋಗುವುದು ಒಂದು ಅನುಕೂಲ.

ಇದು ಬಣ್ಣವಿಲ್ಲದ, ತೀಕ್ಷ್ಣವಾಸನೆಯ ದ್ರವ. ನೀರಿಗಿಂತ ತುಸು ಭಾರ. ಸುಮಾರು 51 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಬೇಗನೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆಮ್ಲಜನಕ ಮತ್ತು ಕ್ಲೋರಿನ್ ಎರಡೂ ನಡುವಣ ಇಂಗಾಲದಿಂದ ಎಲೆಕ್ಟ್ರಾನುಗಳನ್ನು ತಮ್ಮೆಡೆಗೆ ಸೆಳೆಯುವುದರಿಂದ ಆ ಇಂಗಾಲವು ಅನ್ಯ ಅಣುಗಳನ್ನು ಬೇಗ ಬರಮಾಡಿಕೊಳ್ಳುತ್ತದೆ; ಕ್ಲೋರಿನ್ ಸುಲಭವಾಗಿ ಸ್ಥಾನ ಬಿಡುತ್ತದೆ. ಆದುದರಿಂದಲೇ ನೀರು ಸೋಂಕಿದೊಡನೆ ಇದು ಉಗ್ರವಾಗಿ ವರ್ತಿಸಿ, ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯನ್ನು ಕಾರುತ್ತ, ಮರಳಿ ಅಸಿಟಿಕ್ ಆಮ್ಲವಾಗುತ್ತದೆ. ಮದ್ಯಸಾರದೊಡನೆ ಹಣ್ಣಿನ ಕಂಪಿನ ಈಥೈಲ್ ಅಸಿಟೇಟ್, ಅಮೋನಿಯದೊಡನೆ ಅಸಿಟಮೈಡ್ ದೊರೆಯುತ್ತವೆ.

1852ರಲ್ಲಿ ಇದನ್ನು ಮೊದಲು ತಯಾರಿಸಿದವನು ಫ್ರಾನ್ಸಿನ ಗೆರ್‌ಹಾರ್ಟ್. ಮರುವರ್ಷ ಆತನು ಇದನ್ನು ಸೋಡಿಯಂ ಸ್ಯಾಲಿಸಿಲೇಟಿನೊಡನೆ ಬೆರೆಸಿದಾಗ, ಮುಂದೆ ಆಸ್ಪಿರಿನ್ ಎಂದು ಲೋಕವಿಖ್ಯಾತವಾದ ವಸ್ತುವು ಅಶುದ್ಧರೂಪದಲ್ಲಿ ಲಭಿಸಿತು. ಇಂದು ಆ ಔಷಧದ ತಯಾರಿಕೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಅಸಿಟಿಕ್ ಅನ್‌ಹೈಡ್ರೈಡ್.

ನಮ್ಮ ಉತ್ತರ ಬೆಂಗಳೂರು ರಸಾಯನವಿದ್ಯೆಗೆ ಹೊಸದಲ್ಲ. ಯಶವಂತಪುರದ ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1911ರಲ್ಲಿ ಪಾಠಗಳು ಮೊದಲಾದಾಗಲೇ ರಸಾಯನ ವಿಭಾಗವಿತ್ತು. 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವು ಜಕ್ಕೂರಿನಲ್ಲಿದೆ. ನಮ್ಮ ಮಕ್ಕಳು ಅಂತಹ ಬಾಗಿಲುಗಳನ್ನು ತಟ್ಟಬೇಕಾದರೆ ವಸ್ತುಗಳ ಗುಣದೊಡನೆ ಅವುಗಳ ಅಪಾಯವನ್ನೂ ಶಾಲೆಯಲ್ಲೇ ಅರಿತಿರಬೇಕು. ಈ ದ್ರವದ ಹೊಗೆಯು ಕಣ್ಣಿಗೂ ಶ್ವಾಸಕೋಶಕ್ಕೂ ಘಾತಕ. ಬಾಟಲಿಯನ್ನು ತೇವವಿಲ್ಲದ, ತಂಪಾದ ಎಡೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಬೆಂಕಿ ಹತ್ತಿದರೆ ನೀರೆರಚದೆ ಒಣಪುಡಿಯ ಅಗ್ನಿಶಾಮಕವನ್ನು ಬಳಸಬೇಕು. ಹೊಗೆಯನ್ನು ಹೊರಸೆಳೆಯುವ ಫ್ಯೂಮ್ ಹುಡ್ ಇಲ್ಲದ ಶಾಲೆಯಲ್ಲಿ ಈ ಪ್ರಯೋಗವು ಕಪ್ಪುಹಲಗೆಯ ಮೇಲೆಯೇ ಉಳಿಯುವುದು ಲೇಸು.

ಕಟ್ಟಡಗಳಿಗೆ ಉದಾರವಾಗಿ ನೆರವಾಗುವ ಮಹನೀಯರು ಇಂತಹ ಒಂದು ಸಲಕರಣೆಯತ್ತಲೂ ಕೃಪಾದೃಷ್ಟಿ ಹರಿಸಿದರೆ, ಹಲಗೆಯ ಮೇಲಿನ ಅಕ್ಷರವು ಮಕ್ಕಳ ಕಣ್ಣೆದುರಿನ ಅನುಭವವಾದೀತು.